ಬೊಂಬಾಯಿ ಮೀನಿನ ಬಣ್ಣ

ಹನುಮಂತ್ರಾಯ ಆವತ್ತು ಸೂರ್ಯ ಹುಟ್ಟುವ ಮೊದಲೇ ಎದ್ದದ್ದೇ ತಪ್ಪಾಯಿತು. ಎಂದಿನಂತೆ ಬಿಸಿಲು ಮುಖಕ್ಕೆ ಬೀಳುವ ತನಕ ಮಲಗಿದ್ದರೆ ಅವನ ಮರ್ಯಾದೆಯೂ ಉಳಿಯುತ್ತಿತ್ತು, ಎದುರು ಮನೆಯ ಯಮನೂರಪ್ಪನ ಕಾಲಿನ ಹೆಬ್ಬೆರಳೂ ಉಳಿಯುತ್ತಿತ್ತು. ಆದರೆ ಅಂದು ಸಂಜೆ ಮುಂದೆ ಅನ್ವರಿ ಬೇಗಂ ಸಾಹೇಬರು ಅವನ ಮನೆಗೆ ಬರುವವರಿದ್ದರು. ಆ ಸಂಭ್ರಮದಲ್ಲಿ ನಿದ್ದೆ ಹತ್ತಿರಲಿಲ್ಲ. ಎದ್ದವನೇ ಕಂದೀಲು ಹಚ್ಚಿಕೊಂಡು ಪಡಸಾಲೆಗೆ ಹೋಗಿ, ಗೋಡೆಗೆ ಹೊಂದಿಸಿ ಇಟ್ಟಿದ್ದ ಗಾಜಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಳಗೆ ಇಣುಕಿದ. ಬತ್ತಿ ಏರಿಸಿ ಇನ್ನೊಮ್ಮೆ ಇಣುಕಿದ.

ಮೀನುಗಳಿದ್ದವು. ಮೀನಿನ ಬಣ್ಣ ಇರಲಿಲ್ಲ.

ಹಗಲಲ್ಲಿ ನೋಡಿದರೆ ಆ ಮೀನುಗಳ ಚೆಲುವೇ ಬೇರೆ. ಬೆರಳ ಗೆಣ್ಣಿನಷ್ಟು ಉದ್ದದ ಮೈ, ಅದರ ಮೇಲೆ ನವಿಲುಗರಿಯ ನೀಲಿ ಗೆರೆ, ಕೆಳಗೆ ಬಾಲದ ತನಕ ಕುಂಕುಮದ ಕೆಂಪು. ಹಿಂಡು ಕಟ್ಟಿಕೊಂಡು ಓಡಾಡುತ್ತಿದ್ದವು. ಒಂದು ಎಡಕ್ಕೆ ಹೊರಳಿದರೆ ಉಳಿದವೂ ಯಾಕೆಂದು ಕೇಳದೆ ಎಡಕ್ಕೆ ಹೊರಳುತ್ತಿದ್ದವು, ಸಾಹೇಬರ ಹಿಂದೆ ಕಚೇರಿಯ ಗುಮಾಸ್ತರು ಹೊರಳುವ ಹಾಗೆ. ಈಗ ಅವು ನೆನೆಹಾಕಿದ ಅಕ್ಕಿಕಾಳಿನಂತೆ ಬಿಳಚಿಕೊಂಡು, ಪಾಚಿಯ ಗಿಡದ ನಡುವೆ ಅಲ್ಲೊಂದು ಇಲ್ಲೊಂದು ಸುಮ್ಮನೆ ನಿಂತಿದ್ದವು.

ಮೀನು ಅವನಿಗೆ ಬಂದದ್ದು ಹತ್ತಿ ಗಿರಣಿಯ ಪಾರ್ಸಿ ಇಂಜಿನಿಯರ್ ಸಾಹೇಬರಿಂದ. ಲಡಾಯಿ ಮುಗಿದ ಮರುವರ್ಷ ಸಾಹೇಬರು ಬೊಂಬಾಯಿಗೆ ವಾಪಸು ಹೊರಟರು. ಗಾಜಿನ ಪೆಟ್ಟಿಗೆಯನ್ನು ರೈಲಿನಲ್ಲಿ ಒಯ್ಯುವುದಾಗಲಿಲ್ಲ. ಗಿರಣಿಯ ಗುಮಾಸ್ತ ಹನುಮಂತ್ರಾಯ ದಿನಾಲು ಅದರ ಮುಂದೆ ನಿಂತು ‘ವಾಹ್ ವಾಹ್’ ಅನ್ನುತ್ತಿದ್ದನಲ್ಲ, ಅವನಿಗೇ ಕೊಟ್ಟರು. ಇದು ಟೆಟ್ರಾ ಎಂಬ ಜಾತಿ, ಸಮುದ್ರದಾಚೆಯ ಕಾಡು ಹೊಳೆಯದು, ನೆರಳಲ್ಲಿಡು, ಅಲುಗಾಡಿಸಬೇಡ, ನೀರನ್ನು ಒಮ್ಮೆಲೇ ಬದಲಿಸಬೇಡ, ಸೊಳ್ಳೆಮರಿ ಒಂದು ಚಿಟಿಕೆ ಹಾಕಿದರೆ ಸಾಕು, ಯಾವುದನ್ನೂ ಒಂಟಿಯಾಗಿ ಇಡಬೇಡ, ಹೆದರಿ ಸತ್ತೀತು ಎಂದೆಲ್ಲ ಹೇಳಿದರು. ಹನುಮಂತ್ರಾಯ ಪ್ರತಿಯೊಂದಕ್ಕೂ ‘ಜೀ’ ಅಂದ. ಹಾಗೆ ಅನ್ನುವಾಗ ಅವನ ಕಿವಿಗಳು ರಜೆಯ ಮೇಲಿರುತ್ತಿದ್ದವು.

ಮೀನು ಮನೆಗೆ ಬಂದ ಮೇಲೆ ಅವನು ಮನುಷ್ಯನಾಗಿ ಉಳಿಯಲಿಲ್ಲ, ತಮಾಷೆಯ ಡೇರೆಯ ಮಾಲಕನಾದ. ಓಣಿಯವರನ್ನು ಕರೆದು ತೋರಿಸಿದ, ಗಿರಣಿಯವರನ್ನು ಕರೆದು ತೋರಿಸಿದ, ಗಬ್ಬೂರಿನಿಂದ ಎತ್ತು ಕೊಳ್ಳಲು ಬಂದಿದ್ದ ಅಪರಿಚಿತರನ್ನೂ ಬೀದಿಯಿಂದ ಎಳೆತಂದು ತೋರಿಸಿದ. ಕೊನೆಗೆ ಸುದ್ದಿ ಕೋಟೆಯ ಹತ್ತಿರದ ದೇವಡಿ ಎಂಬ ದೊಡ್ಡ ಮನೆಯನ್ನು ಮುಟ್ಟಿತು. ಅಲ್ಲಿ ತೀರಿಹೋದ ಜಾಗೀರದಾರ ನವಾಬರ ಹೆಂಡತಿ ಅನ್ವರಿ ಬೇಗಂ ಇದ್ದರು. ಮಾನ್ವಿ ಕಡೆ ಅವರ ಜಾಗೀರು. ಅದನ್ನು ನೋಡಿಕೊಳ್ಳುತ್ತಿದ್ದ ಮುದಿ ಮುನಷಿ ದೀಪಾವಳಿಯ ಹೊತ್ತಿಗೆ ಕಣ್ಣು ಮುಚ್ಚಿದ್ದ. ಆ ಜಾಗ ಖಾಲಿ ಇದೆ ಎಂದು ಹನುಮಂತ್ರಾಯನಿಗೆ ಗೊತ್ತಿತ್ತು. ಮುನಷಿಗೆ ಮಾನ್ವಿಯಲ್ಲಿ ಮನೆ, ಓಡಾಡಲು ಕುದುರೆ. ಮಾನ್ವಿಯ ಪಕ್ಕದಲ್ಲೇ ಅವನ ಹುಟ್ಟೂರು ಮಲ್ಲಟ. ಅಲ್ಲಿ ಅವನು ಕುರಿಯ ಹಿಂದೆ ಓಡಾಡಿದ್ದನ್ನು ಕಂಡವರು ಇನ್ನೂ ಬದುಕಿದ್ದರು. ಅವರೆಲ್ಲ ಸಾಯುವುದರೊಳಗೆ ಕುದುರೆಯ ಮೇಲೆ ಕೂತು ಅವರ ಮುಂದೆ ಒಮ್ಮೆ ಹಾಯ್ದುಹೋಗಬೇಕು ಎಂಬುದೊಂದೇ ಅವನ ಬಾಳಿನ ಆಸೆ.

ಹಿಂದಿನ ದಿನ ಬೇಗಮರ ಆಳು ಹಾಜಿರಾ ಬೀ ಬಂದು ಹೇಳಿ ಹೋಗಿದ್ದಳು. “ನಿಮ್ಮ ಮನ್ಯಾಗಿನ ಬೊಂಬಾಯಿ ಚೀಜು ಬೇಗಂ ಸಾಹೇಬರು ನೋಡ್ಬೇಕಂತ. ನಾಳೆ ಅಸರ್ ನಮಾಜ್ ಆದಮ್ಯಾಲೆ ಬರ್ತಾರ. ಮನಿ ಕಸ ಹೊಡೆದು ಇಟ್ಟಿರ್ರಿ.”

ಹನುಮಂತ್ರಾಯ ಒಳಗೆ ಓಡಿ ಹೆಂಡತಿಯನ್ನು ಅಲುಗಾಡಿಸಿದ.

“ಏಳ ಬೇ. ಮೀನಿನ ಬಣ್ಣ ಹೋಗ್ಯಾದ.”

ಆದೆಮ್ಮ ಕೌದಿಯೊಳಗಿಂದಲೇ ಕೇಳಿದಳು, “ಎಲ್ಲಿಗಿ ಹೋಗ್ಯಾದ?”

“ಎಲ್ಲಿಗಿ ಅಂದ್ರ ನನಗೇನ್ ಗೊತ್ತು. ಹೋಗ್ಯಾದ.”

“ಬೆಳಕಾಗ್ಲಿ ತಡೀರಿ. ಈ ಕತ್ತಲಾಗ ನನ್ ಸೀರಿ ಬಣ್ಣಾನೂ ಕಾಣಂಗಿಲ್ಲ,” ಎಂದು ಆಕೆ ಮಗ್ಗುಲು ಬದಲಿಸಿದಳು.

ಆ ದಿನ ಆ ಓಣಿಯಲ್ಲಿ ಯಾರಾದರೂ ಆಡಿದ ಸರಿಯಾದ ಮಾತು ಅದೊಂದೇ. ಅದನ್ನೂ ಆಕೆ ತಿಳಿದು ಆಡಿದ್ದಲ್ಲ, ಇನ್ನಷ್ಟು ಹೊತ್ತು ಮಲಗಬೇಕೆಂದು ಆಡಿದ್ದು. ನಿಜ ಸಂಗತಿ ಇಷ್ಟೇ: ಆ ಜಾತಿಯ ಮೀನುಗಳು ಕತ್ತಲಾದ ಮೇಲೆ ಬಣ್ಣ ಬಿಟ್ಟು ಮಲಗುತ್ತವೆ, ಬೆಳಕಾಗಿ ಸ್ವಲ್ಪ ಹೊತ್ತಿಗೆ ಮತ್ತೆ ಬಣ್ಣ ತಂದುಕೊಳ್ಳುತ್ತವೆ. ದಿನಾಲೂ ಹಾಗೇ ಆಗುತ್ತಿತ್ತು. ಹನುಮಂತ್ರಾಯ ಅಷ್ಟು ಬೇಗ ಎದ್ದು ಒಮ್ಮೆಯೂ ನೋಡಿರಲಿಲ್ಲ. ಸುಮ್ಮನೆ ಕೂತು ಒಂದು ಬಟ್ಟಲು ಚಹಾ ಕುಡಿದಿದ್ದರೆ ಎಲ್ಲ ನೆಟ್ಟಗಾಗುತ್ತಿತ್ತು. ಸುಮ್ಮನೆ ಕೂಡುವುದು ಅವನಿಗೆ ಬರುತ್ತಿರಲಿಲ್ಲ. ಎದುರು ಮನೆಗೆ ಓಡಿ ಯಮನೂರಪ್ಪನ ಬಾಗಿಲು ಬಡಿದ.

ಯಮನೂರಪ್ಪ ರೈಲ್ವೆಯಲ್ಲಿ ಹಸಿರು ನಿಶಾನೆ ತೋರಿಸಿ ತೋರಿಸಿ ವಯಸ್ಸಾದವನು. ಬೊಂಬಾಯಿ ನೋಡಿ ಬಂದವನೆಂದು ಓಣಿಯಲ್ಲಿ ಹೆಸರು. ಸೊಲ್ಲಾಪುರದ ಆಚೆ ಅವನು ಕಾಲಿಟ್ಟಿಲ್ಲ ಎಂಬುದು ಅವನ ಹೆಂಡತಿಗೆ ಮಾತ್ರ ತಿಳಿದಿತ್ತು. ಬೇವಿನ ಕಡ್ಡಿ ಅಗಿಯುತ್ತ ಬಂದು, ಪೆಟ್ಟಿಗೆಯ ಮುಂದೆ ಕೂತು, ವೈದ್ಯರು ನಾಡಿ ಹಿಡಿದಂತೆ ಗಾಜನ್ನು ಹಿಡಿದುಕೊಂಡ.

“ಹೊಟ್ಟಿಗಿ ಏನ್ ಹಾಕ್ತಿ?”

“ಸೊಳ್ಳಿ ಮರಿ, ಕಾಕಾ. ಒಂದು ಚಿಟಿಕಿ.”

“ಮತ್ತ ಬಣ್ಣ ಎಲ್ಲಿಂದ ಬರ್ತದ ಲೇ? ನಿನಗ ದಿನಾ ಸೊಳ್ಳಿ ತಿನಿಸಿದ್ರ ನೀನೂ ಹಿಂಗ ಆಗ್ತಿ. ಬೊಂಬಾಯಿ ಮೀನು ಅಂದ್ರ ಏನಂತ ತಿಳಿದಿ? ಅಲ್ಲಿ ಅವು ಸೇಠಗಳ ಕೈಲೆ ಉಣ್ತಾವ. ಹೋಗು, ಜ್ವಾಳದ ಹಿಟ್ಟು ತಾ.”

ಹನುಮಂತ್ರಾಯ ತಟ್ಟೆಯಲ್ಲಿ ಹಿಟ್ಟು ತಂದ. ಯಮನೂರಪ್ಪ ಬೊಗಸೆ ತುಂಬ ಎತ್ತಿ ಹಾಕಿದ. ಸಾಲದೆನಿಸಿ ಇನ್ನೊಂದು ಬೊಗಸೆ ಹಾಕಿ, ಕೈ ಮುಳುಗಿಸಿ ತಿರುವಿದ. ಪೆಟ್ಟಿಗೆಯಲ್ಲಿ ಅಂಬಲಿ ತಯಾರಾಯಿತು. ಅಷ್ಟರಲ್ಲಿ ಹೊರಗೆ ಸೂರ್ಯ ಹುಟ್ಟಿ ಪಡಸಾಲೆಗೆ ಬೆಳಕು ಬಂತು. ಮೀನುಗಳು ತಮ್ಮ ಪಾಡಿಗೆ ತಾವು ಬಣ್ಣ ತಂದುಕೊಂಡಿದ್ದವು. ಆದರೆ ಆ ಅಂಬಲಿಯಲ್ಲಿ ಆನೆಯನ್ನು ಬಿಟ್ಟಿದ್ದರೂ ಕಾಣುತ್ತಿರಲಿಲ್ಲ.

“ಎಲ್ಲಿ ಹೋದವು, ಕಾಕಾ?”

“ಉಣ್ಣಾಕ ಕುಂತಾವ. ಉಣ್ಣೋ ಮುಂದ ನೋಡಬಾರದು, ದೃಷ್ಟಿ ಆಗ್ತದ.”

ಆಗಲೇ ಯಂಕೋಬ ಬಂದ. ಅವನೂ ಅದೇ ಗಿರಣಿಯಲ್ಲಿ ಗುಮಾಸ್ತ. ಅವನೂ ಬೇಗಮರ ಮುನಷಿಯ ಕೆಲಸಕ್ಕೆ ಬಾಯಿ ತೆರೆದು ಕೂತವನೇ. ಮೀನಿನ ಸುದ್ದಿ ಕೇಳಿದ ಕೂಡಲೇ ಮನೆಯಲ್ಲಿ ಹೊಟ್ಟೆತುಂಬ ನಕ್ಕು, ಆಮೇಲೆ ಸಾವಿನ ಮನೆಗೆ ಹೋಗುವ ಮುಖ ಮಾಡಿಕೊಂಡು ಬಂದಿದ್ದ.

“ಥಂಡಿ ಹತ್ಯಾದೋ, ಹನುಮಂತ್ರಾಯ,” ಎಂದು ತೋಳು ಹಿಡಿದುಕೊಂಡ. “ನೆರಳಾಗ ಇಟ್ಟು ಇಟ್ಟು ಬಣ್ಣ ಸತ್ತಾದ. ಮೆಣಸಿನಕಾಯಿ ಹ್ಯಾಂಗ ಕೆಂಪಗಾಗ್ತದ ಹೇಳು? ಬಿಸಲಾಗ ಹರವಿದ್ರ ತಾನ? ಅಂಗಳಕ್ಕ ಒಯ್ದು ಇಡೋಣು ನಡಿ.”

ನೆರಳಲ್ಲಿಡು ಎಂದು ಇಂಜಿನಿಯರ್ ಸಾಹೇಬರು ಏನೋ ಹೇಳಿದ್ದರಲ್ಲ ಎಂದು ಹನುಮಂತ್ರಾಯನಿಗೆ ಮಸುಕಾಗಿ ನೆನಪಾಯಿತು. ಆದರೆ ಸಾಹೇಬರು ಬೊಂಬಾಯಿಯಲ್ಲಿದ್ದರು, ಯಂಕೋಬ ಎದುರಿಗಿದ್ದ. ಎದುರಿಗಿದ್ದವರ ಮಾತನ್ನೇ ಕೇಳುವುದು ಅವನ ಹುಟ್ಟುಗುಣ.

ನೀರು ತುಂಬಿದ ಗಾಜಿನ ಪೆಟ್ಟಿಗೆ ಎಷ್ಟು ಭಾರವಿರುತ್ತದೆಂದು ಎತ್ತಿದ ಮೇಲೇ ತಿಳಿಯುವುದು. ಒಂದು ತುದಿಗೆ ಹನುಮಂತ್ರಾಯ, ಇನ್ನೊಂದು ತುದಿಗೆ ಯಂಕೋಬ. ಯಮನೂರಪ್ಪ ಮುಂದೆ ನಿಂತು ರೈಲಿನ ಡಬ್ಬಿ ಜೋಡಿಸುವವನಂತೆ ಕೈ ಬೀಸತೊಡಗಿದ. “ಬರ್ಲಿ, ಬರ್ಲಿ. ಎಡಕ್ಕ ಬರ್ಲಿ. ಇನ್ನಷ್ಟು.” ನಿಲ್ಲಿಸಬೇಕಾದ ಜಾಗದಲ್ಲಿ ಮಾತ್ರ ಅವನ ಬಾಯಿಗೆ ಬೇವಿನ ಕಡ್ಡಿ ಅಡ್ಡ ಬಂತು. ಯಂಕೋಬನ ಹಿಮ್ಮಡಿ ಹೊಸ್ತಿಲಿಗೆ ತಾಗಿತು. ಪೆಟ್ಟಿಗೆ ವಾಲಿ, ಅರ್ಧ ನೀರು ಫರಸಿಕಲ್ಲಿನ ನೆಲದ ಮೇಲೆ ಬಿತ್ತು, ಪೆಟ್ಟಿಗೆಯ ಮೂಲೆ ಯಮನೂರಪ್ಪನ ಹೆಬ್ಬೆರಳ ಮೇಲೆ ಬಿತ್ತು. ರೈಲ್ವೆಯಲ್ಲಿ ಅಷ್ಟು ವರ್ಷ ದುಡಿದರೂ ಅವನ ಬಾಯಿಂದ ಅಂಥ ಶಿಳ್ಳೆ ಹೊರಟಿರಲಿಲ್ಲ.

ನೀರಿನ ಜೊತೆ ಹೊರಬಿದ್ದ ಒಂದು ಮೀನು ಫರಸಿಯ ಮೇಲೆ ಪಟಪಟ ಹಾರುತ್ತಿತ್ತು. ಮೂಲೆಯಲ್ಲಿದ್ದ ಕೋಳಿ ಕತ್ತು ಉದ್ದ ಮಾಡಿ ಹೊರಟಿತು. ಆದೆಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, ಸೌಟಿನಲ್ಲಿ ಮೀನನ್ನು ಎತ್ತಿ ಪೆಟ್ಟಿಗೆಗೆ ಹಾಕಿ, ಕಾಲಿನಿಂದ ಕೋಳಿಯನ್ನು ಸರಿಸಿ, ಒಂದೂ ಮಾತಾಡದೆ ಒಳಗೆ ಹೋದಳು. ಆಕೆ ಬೈದಿದ್ದರೆ ಹನುಮಂತ್ರಾಯನಿಗೆ ಸಮಾಧಾನವಾಗುತ್ತಿತ್ತು.

ಅಂತೂ ಪೆಟ್ಟಿಗೆಯನ್ನು ಅಂಗಳದ ಕಟ್ಟೆಯ ಮೇಲೆ ಕೂರಿಸಿದರು. ಕಡಿಮೆಯಾದ ನೀರಿಗೆ ಯಂಕೋಬ ಬಾವಿಯಿಂದ ಎರಡು ಕೊಡ ಸೇದಿ ತಂದು, ಎತ್ತಿನ ಬಾನಿಗೆ ಹೊಯ್ಯುವಂತೆ ಧಡಧಡ ಹೊಯ್ದ. ಅಂಬಲಿ ಇನ್ನಷ್ಟು ಕದಡಿತು.

ಚೆಲ್ಲಿದ ನೀರು ಹೊಸ್ತಿಲು ದಾಟಿ ಪಕ್ಕದ ಮನೆಯ ಅಂಗಳಕ್ಕೆ ಹರಿಯಿತು. ಅದು ದಾವಲ್ ಬೀಯ ಮನೆ. ಆಕೆ ಬಟ್ಟೆಗೆ ಬಣ್ಣ ಹಾಕುವವಳು. ನೆಲದ ಮೇಲೆ ಒಣಹಾಕಿದ್ದ ಹಸಿರು ಸೆರಗಿಗೆ ಜೋಳದ ಹಿಟ್ಟಿನ ನೀರು ಹತ್ತಿತ್ತು. ಜಗಳ ತೆಗೆಯಬೇಕೆಂದೇ ಕೈಯಲ್ಲಿ ಕೋಲು ಹಿಡಿದು ಬಂದಳು. ಆದರೆ ಸಂಗತಿ ಕೇಳಿದ ಮೇಲೆ ಕೋಲು ಬದಿಗಿಟ್ಟು ಕೂತುಬಿಟ್ಟಳು. ಜಗಳಕ್ಕಿಂತ ಸಲಹೆ ಕೊಡುವುದರಲ್ಲಿ ಹೆಚ್ಚು ಸುಖವಿದೆ.

“ಮುಂಜಾನಿ ಬಣ್ಣ ಇರಲಿಲ್ಲ ಅಂದಿ?”

“ಇರಲಿಲ್ಲ, ಖಾಲಾ.”

“ನಿನ್ನಿ ಇತ್ತು?”

“ಇತ್ತು.”

“ಹಂಗಾರ ಕಚ್ಚಾ ರಂಗು ಅದು. ನೀರಿಗಿ ಬಿಟ್ಟದ. ನಿನಗ ಯಾರೋ ಬಣ್ಣ ಹಚ್ಚಿದ ಮೀನು ಕೊಟ್ಟು ಹೋಗ್ಯಾರ, ಬೇಟಾ. ಮುವ್ವತ್ತು ವರ್ಷ ಬಣ್ಣದಾಗ ಕೈ ಅದ್ದೀನಿ, ನನಗ ತಿಳಿಯಂಗಿಲ್ಲೇನು?”

ಅಷ್ಟು ಹೊತ್ತಿಗೆ ಅಂಗಳದಲ್ಲಿ ಜನ ಸೇರಿದ್ದರು. ‘ಬಣ್ಣ ಹಚ್ಚಿದ ಮೀನು’ ಎಂಬ ಮಾತು ಬಾಯಿಂದ ಬಾಯಿಗೆ ಹೋಗಿ, ಓಣಿಯ ಆ ತುದಿ ಮುಟ್ಟುವಾಗ ‘ಹನುಮಂತ್ರಾಯ ಬೇಗಂ ಸಾಹೇಬರನ್ನ ಮೋಸ ಮಾಡಾಕ ಮೀನಿಗೆ ಬಣ್ಣ ಹಚ್ಯಾನ’ ಎಂದಾಗಿತ್ತು. ಯಂಕೋಬ ಅವನ ಕಿವಿಯ ಹತ್ತಿರ ಬಾಯಿ ತಂದ.

“ಹಿಂದಕ ದೇವದುರ್ಗದಾಗ ಒಬ್ಬಾಂವ ಗುಬ್ಬಿಗೆ ಹಸರು ಹಚ್ಚಿ ಗಿಣಿ ಅಂತ ದೊಡ್ಡೋರಿಗೆ ಕೊಟ್ಟಿದ್ದನಂತ. ಠಾಣೆದಾಗ ಕೂಡಿಸಿ ಛಡಿಲೆ ಹೊಡದ್ರಂತ. ನಿನಗ ಹಂಗಾಗಬಾರ್ದು ಅಂತ ಹೇಳಾಕತ್ತೀನಿ, ಮತ್ತೇನಿಲ್ಲ.”

ಹನುಮಂತ್ರಾಯನ ಕಣ್ಣ ಮುಂದಿನಿಂದ ಕುದುರೆ ಮಾಯವಾಯಿತು, ಅದರ ಜಾಗದಲ್ಲಿ ಠಾಣೆಯ ಜಮೇದಾರ ಬಂದು ನಿಂತ. ಮೀನನ್ನು ಬಾವಿಗೆ ಸುರಿದು ಸತ್ತವೆಂದು ಹೇಳಿಬಿಡಲೇ ಎನಿಸಿತು. ಆದರೆ ಬಾವಿ ಓಣಿಯವರೆಲ್ಲ ಕುಡಿಯುವ ಬಾವಿ, ಓಣಿಯವರೆಲ್ಲ ಅವನ ಅಂಗಳದಲ್ಲಿದ್ದರು.

“ಖಾಲಾ, ಏನಾರ ಮಾಡು.”

“ಪಟಿಕ ಹಾಕಿದ್ರ ಎಂಥಾ ಓಡಿಹೋಗೋ ಬಣ್ಣಾನೂ ಬಟ್ಟಿಮ್ಯಾಲೆ ಕೂಡತದ. ಮೀನಿನ ಮ್ಯಾಲೆ ಯಾಕ ಕೂಡವಲ್ದು?” ಎಂದು ದಾವಲ್ ಬೀ ಮನೆಯಿಂದ ಅಡಿಕೆಯಷ್ಟು ಪಟಿಕದ ತುಂಡು ತಂದು, ದಾರ ಕಟ್ಟಿ, ನೀರಿನಲ್ಲಿ ನಾಲ್ಕು ಸುತ್ತು ತಿರುಗಿಸಿ ತೆಗೆದಳು. ಆಮೇಲೆ ಬೆಳಕು ಹಾಯುವಂಥ ತೆಳು ಮಲಮಲ್ ಬಟ್ಟೆಯೊಂದನ್ನು ಪೆಟ್ಟಿಗೆಗೆ ಹೊದಿಸಿದಳು. “ಬಣ್ಣ ಕೂಡಾಕತ್ತದ. ಬೇಗಂ ಸಾಹೇಬರು ಬರೋ ತನಕ ಯಾರೂ ಮುಟ್ಟಬ್ಯಾಡ್ರಿ. ಮುಟ್ಟಿದ್ರ ಕಲೆ ಬೀಳ್ತದ.”

ಅಂದಿನ ದಿನದಲ್ಲಿ ಮೀನುಗಳಿಗೆ ಸಿಕ್ಕ ಉಪಕಾರ ಅದೊಂದೇ, ಯಾರೂ ಮುಟ್ಟಲಿಲ್ಲ. ಬೇವಿನ ಮರದ ನೆರಳು ಕಟ್ಟೆಯ ಮೇಲೆ ಬಂತು. ಯಂಕೋಬನ ಬಿಸಿಲಿನ ಚಿಕಿತ್ಸೆ ಅಲ್ಲಿಗೇ ಮುಗಿಯಿತು.

ಮಧ್ಯಾಹ್ನವೆಲ್ಲ ಹನುಮಂತ್ರಾಯ ಶೇರವಾನಿ ತೊಟ್ಟುಕೊಂಡು ಪಡಸಾಲೆಯಲ್ಲಿ ಓಡಾಡಿದ. ಊಟ ಮಾಡಲಿಲ್ಲ. ಏನು ಹೇಳಬೇಕೆಂದು ಗೋಡೆಯ ಮುಂದೆ ನಿಂತು ಉರ್ದುವಿನಲ್ಲಿ ಹೇಳಿ ನೋಡಿದ. ತಪ್ಪೆಲ್ಲ ಇಂಜಿನಿಯರರದು, ತಾನು ಮೋಸ ಹೋದ ಬಡಪಾಯಿ ಎಂದು ಕಾಲಿಗೆ ಬೀಳುವುದೆಂದು ತೀರ್ಮಾನಿಸಿದ. ಪ್ರೀತಿಯಿಂದ ಪೆಟ್ಟಿಗೆ ಕೊಟ್ಟು ಹೋದ ಮನುಷ್ಯನನ್ನು ಬೊಂಬಾಯಿಯ ದೊಡ್ಡ ಠಕ್ಕನನ್ನಾಗಿ ಮಾಡಲು ಅವನಿಗೆ ಒಂದು ಮಧ್ಯಾಹ್ನ ಸಾಕಾಯಿತು.

“ಬಂದವರು ಕೇಳಿದ್ರ ನಾ ಏನ್ ಹೇಳ್ಲಿ?” ಎಂದಳು ಆದೆಮ್ಮ.

“ನೀ ಏನೂ ಹೇಳಬ್ಯಾಡ. ಅಳು.”

“ಅಳು ಬರಬೇಕಲ್ಲ,” ಎಂದು ಆಕೆ ಕಸಬರಿಗೆ ಹಿಡಿದು ಅಂಗಳಕ್ಕೆ ಹೋದಳು.

ಹೊತ್ತು ಇಳಿಯುವಾಗ ಪರದೆ ಕಟ್ಟಿದ ಟಾಂಗಾ ಬಂದು ನಿಂತಿತು. ಓಣಿಯ ಗಂಡಸರು ಗೋಡೆಗೆ ಒತ್ತಿ ನಿಂತು ತಲೆ ತಗ್ಗಿಸಿದರು. ಯಮನೂರಪ್ಪನ ಹೆಬ್ಬೆರಳಿಗೆ ಹಸಿರು ಬಟ್ಟೆ ಸುತ್ತಿತ್ತು. ಬುರ್ಖಾದೊಳಗೆ ಬೇಗಂ ಸಾಹೇಬರು ಇಳಿದರು, ಹಿಂದೆ ಹಾಜಿರಾ ಬೀ ಇಳಿದಳು. ಬೇಗಮರು ಪರ ಗಂಡಸರ ಜೊತೆ ನೇರವಾಗಿ ಮಾತಾಡುವವರಲ್ಲ. ಅವರು ಮೆಲ್ಲಗೆ ಹೇಳಿದ್ದನ್ನು ಹಾಜಿರಾ ಬೀ ಊರಿಗೆಲ್ಲ ಕೇಳುವಂತೆ ಹೇಳುವುದು ಪದ್ಧತಿ.

ಬೇಗಮರು ಕುರ್ಚಿಯ ಮೇಲೆ ಕೂತರು. ಹನುಮಂತ್ರಾಯ ನೆಲಕ್ಕೆ ಹಣೆ ತಾಗುವಷ್ಟು ಬಗ್ಗಿ, “ಹುಜೂರ್, ಇದರಾಗ ಈ ಗುಲಾಮಂದು ತಪ್ಪಿಲ್ರೀ. ಆ ಬೊಂಬಾಯಿ ಇಂಜಿನಿಯರ್ ಅದಾನಲ್ರೀ, ಅಂವ ದೊಡ್ಡ…” ಎನ್ನುವಷ್ಟರಲ್ಲಿ ಹಾಜಿರಾ ಬೀ ಮಲಮಲ್ ಬಟ್ಟೆಯನ್ನು ಎಳೆದುಬಿಟ್ಟಳು.

ಪಟಿಕ ಬಣ್ಣವನ್ನು ಕೂರಿ‌ಸಿರಲಿಲ್ಲ, ಕದಡಿದ ಹಿಟ್ಟನ್ನು ತಳಕ್ಕೆ ಕೂರಿಸಿತ್ತು. ನೀರು ಕನ್ನಡಿಯಂತೆ ತಿಳಿಯಾಗಿತ್ತು. ಇಳಿಬಿಸಿಲು ಬೇವಿನ ಎಲೆಯ ಸಂದಿನಿಂದ ಬಂದು ಗಾಜಿನೊಳಗೆ ಬಿದ್ದಿತ್ತು. ಆ ಬೆಳಕಿನಲ್ಲಿ ಇಡೀ ಹಿಂಡು ಪಾಚಿಯೊಳಗಿಂದ ಹೊರಟು, ಒಟ್ಟಿಗೆ ಹೊರಳಿ, ನೀಲಿ ಮತ್ತು ಕೆಂಪು ಗೆರೆ ಎಳೆಯುತ್ತ ಈ ತುದಿಯಿಂದ ಆ ತುದಿಗೆ ಹೋಯಿತು. ಹನುಮಂತ್ರಾಯನಿಗೆ ಬಗ್ಗಿದ ಬೆನ್ನು ನೇರ ಮಾಡುವುದು ಮರೆತುಹೋಯಿತು. ಕಣ್ಣಲ್ಲಿ ನೀರು ಬಂತು.

“ಅಂವ ದೊಡ್ಡ ಏನು?” ಎಂದಳು ಹಾಜಿರಾ ಬೀ.

“ದೊಡ್ಡ ಮನುಷ್ಯಾ ರೀ,” ಎಂದ ಹನುಮಂತ್ರಾಯ.

ಬೇಗಮರು ಮುಂದಕ್ಕೆ ಬಾಗಿದರು. ಉಂಗುರದ ಬೆರಳಿನಿಂದ ಗಾಜನ್ನು ಟಣ್ ಟಣ್ ಎಂದು ಬಡಿದು ಕೇಳಿಸಿಕೊಂಡರು. ಏನೋ ಪಿಸುಗುಟ್ಟಿದರು. ಹಾಜಿರಾ ಬೀ ಎದ್ದು ಪೆಟ್ಟಿಗೆಯ ಉದ್ದಕ್ಕೂ ಗೇಣು ಹಾಕಿ ಅಳೆದಳು, ಆಮೇಲೆ ಅಡ್ಡ ಅಳೆದಳು.

“ಇನ್ನೂ ಬೆಳಿತಾವ್ರಿ,” ಎಂದ ಹನುಮಂತ್ರಾಯ ಹುರುಪಿನಿಂದ.

ಇನ್ನೊಂದು ಪಿಸುಮಾತಾಯಿತು. ಹಾಜಿರಾ ಬೀ ಜನರ ಕಡೆ ತಿರುಗಿದಳು. “ಬೇಗಂ ಸಾಹೇಬರಿಗಿ ಭಾಳ ಪಸಂದ ಆಗ್ಯಾದ. ಇದನ್ನ ಹಿಂಗ ಮಾಡಿದವರು ಯಾರು ಅಂತ ಕೇಳಾಕತ್ತಾರ.”

ಮುನಷಿಯ ಕುದುರೆ ಮತ್ತೆ ಅಂಗಳಕ್ಕೆ ಬಂದು ನಿಂತಿತು. ಆದರೆ ಹನುಮಂತ್ರಾಯ ಬಾಯಿ ತೆರೆಯುವುದರೊಳಗೆ ಯಮನೂರಪ್ಪ ಕುಂಟುತ್ತ ಮುಂದೆ ಬಂದಿದ್ದ.

“ನಾನ್ರೀ. ಜ್ವಾಳದ ಹಿಟ್ಟು ಹಾಕಿದ್ದು ನಾನು. ಅದರ ಸಲುವಾಗಿ ಕಾಲೂ ಕಳಕೊಂಡೀನಿ.”

“ಹಿಟ್ಟಿನಾಗ ಬಣ್ಣ ಬರ್ತದೇನು?” ಎಂದಳು ದಾವಲ್ ಬೀ. “ಹಂಗಾರ ನೀ ದಿನಾ ರೊಟ್ಟಿ ತಿಂತಿ, ನೀನ್ಯಾಕ ಕರ್ರಗ ಇದ್ದೀ? ಪಟಿಕ ಹಾಕಿ ಬಣ್ಣ ಕೂಡಿಸಿದ್ದು ನಾನು, ಬೇಗಂ ಸಾಹೇಬಾ.”

ಯಂಕೋಬ ಕೈ ಕಟ್ಟಿಕೊಂಡು ಸಣ್ಣಗೆ ಕೆಮ್ಮಿದ. “ಬಿಸಲಿಗಿ ಇಡಸಿದ್ದು ನಾನ್ರೀ. ನೀರು ಸೇದಿ ಹಾಕಿದ್ದೂ ನಾನು. ಪಾಪ, ಹನುಮಂತ್ರಾಯಗ ಏನೂ ತಿಳಿಯವಲ್ದಾಗಿತ್ತು. ಮುಂಜಾನಿಂದ ಅಳಾಕತ್ತಿದ್ದ.”

ಬೆಳಿಗ್ಗೆ ಮೀನನ್ನು ಖೋಟಾ ಎಂದಿದ್ದ ಇನ್ನೂ ಹತ್ತು ಜನ ತಾವು ಗಾಜು ಒರೆಸಿದ್ದು, ಪೆಟ್ಟಿಗೆಗೆ ಕೈ ಹಚ್ಚಿದ್ದು, ದೂರದಿಂದ ಒಳ್ಳೆಯದನ್ನು ಬಯಸಿದ್ದು ಹೇಳಿಕೊಳ್ಳಲು ಮುಂದೆ ನುಗ್ಗಿದರು. ಆ ಗದ್ದಲದಲ್ಲಿ ಪೆಟ್ಟಿಗೆಯ ಯಜಮಾನ ಹಿಂದೆ ಹಿಂದೆ ಸರಿದು ಕೋಳಿಗೂಡಿನ ಹತ್ತಿರ ಬಂದು ನಿಂತ.

“ಸುಮ್ಮನಿರ್ರಿ,” ಎಂದಳು ಹಾಜಿರಾ ಬೀ. “ಪೆಟ್ಟಿಗಿ ಮಾಡಿದವರು ಯಾರು ಅಂತ ಕೇಳ್ಯಾರ. ಗಾಜಿನ ಪೆಟ್ಟಿಗಿ. ಮೀನದ ಮಾತು ಯಾರು ಕೇಳ್ಯಾರ?”

ಮುಂದೆ ನುಗ್ಗಿದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಹಾಜಿರಾ ಬೀ ಮುಂದುವರಿಸಿದಳು.

“ನವಾಬ ಸಾಹೇಬರು ದರಬಾರಿಗಿ ತಲಿಗಿ ಸುತ್ಕೊಂಡು ಹೋಗ್ತಿದ್ದ ದಸ್ತಾರ್ ರುಮಾಲು ದೇವಡ್ಯಾಗ ಬಟ್ಟಿ ಗಂಟಿನಾಗ ಬಿದ್ದದ. ನುಸಿ ತಿನ್ನಾಕತ್ತಾವ. ಎಲ್ಲರಿಗೂ ಕಾಣೋಹಂಗ ಇಡಬೇಕು, ಧೂಳು ಕೂಡಬಾರ್ದು, ಅಂಥಾ ಗಾಜಿನ ಪೆಟ್ಟಿಗಿ ಹೈದರಾಬಾದಿನಾಗ ಹುಡಿಕಿದ್ರೂ ಸಿಗಲಿಲ್ಲ. ಇದು ಅಳತಿ ಹಾಕಿ ಮಾಡಿದಂಗ ಅದ. ಹನುಮಂತ್ರಾಯ, ನಾಳೆ ಮುಂಜಾನಿ ತೊಳದು ದೇವಡಿಗೆ ತಂದು ಒಪ್ಪಿಸು. ತಲಿಮ್ಯಾಲೆ ಹೊತ್ಕೊಂಡು ಬಾ, ಟಾಂಗಾದಾಗ ಒಡದೀತು. ಮೀನಿನ ನಾತ ಒಂದೀಟೂ ಇರಬಾರ್ದು.”

“ಮೀನು, ಹುಜೂರ್?”

ಬುರ್ಖಾದೊಳಗಿನಿಂದ ಬೇಗಂ ಸಾಹೇಬರೇ ಮೊದಲ ಬಾರಿ ನೇರವಾಗಿ ಮಾತಾಡಿದರು. “ಆ ಹುಳ ನೀನೇ ಇಟ್ಕೋ.”

ಟಾಂಗಾ ಹತ್ತುವಾಗ ಹನುಮಂತ್ರಾಯ ಓಡಿಹೋಗಿ, ಎಲ್ಲ ನಾಚಿಕೆ ಬಿಟ್ಟು, ಹಾಜಿರಾ ಬೀಯ ಹತ್ತಿರ ಪಿಸುಗುಟ್ಟಿದ. “ಮುನಷಿ ಕೆಲಸದ್ದು ಏನಾರ…”

“ಅದು ಹೋದ ಶುಕ್ರಾರ ಜುಮ್ಮಾಕ್ಕೇ ಆತಲ್ಲ. ಬೇಗಂ ಸಾಹೇಬರ ತಮ್ಮನ ಮಗ ಮಾನ್ವಿಗಿ ಹೋಗಿ ಕುಂತಾನ. ನಿಮಗ ಯಾರೂ ಹೇಳಲಿಲ್ಲೇನು?”

ಯಂಕೋಬನ ಮುಖವೂ ಅಷ್ಟೇ ಉದ್ದಕ್ಕೆ ಇಳಿದದ್ದನ್ನು ಹನುಮಂತ್ರಾಯ ನೋಡಿದ. ಆ ದಿನದ ಸುಖವೆಂದರೆ ಅಷ್ಟು. ಟಾಂಗಾದ ಧೂಳು ಆರುವುದರೊಳಗೆ ಅಂಗಳ ಖಾಲಿಯಾಯಿತು. ಬಣ್ಣ ತರಿಸಿದವರಲ್ಲಿ ಒಬ್ಬರೂ ಉಳಿಯಲಿಲ್ಲ. ದಾವಲ್ ಬೀ ಮಾತ್ರ ಮಲಮಲ್ ಬಟ್ಟೆ ತೆಗೆದುಕೊಳ್ಳಲು ನಿಂತಿದ್ದಳು. ಸಿಕ್ಕ ಮೇಲೆ ಆಕೆಯೂ ಹೋದಳು.

ಆದೆಮ್ಮ ಕುಡಿಯುವ ನೀರಿನ ಹರವಿಯನ್ನು ತಂದು ಕಟ್ಟೆಯ ಮೇಲಿಟ್ಟಳು. ಇಬ್ಬರೂ ಸೇರಿ ಮೀನುಗಳನ್ನು ಅವುಗಳ ನೀರಿನ ಸಮೇತ ಸೌಟಿನಿಂದ ಒಂದೊಂದಾಗಿ ಅದಕ್ಕೆ ಸಾಗಿಸಿದರು. ಹನುಮಂತ್ರಾಯ ಹರವಿಯ ಬಾಯಿಂದ ಬಗ್ಗಿ ನೋಡಿದ. ಆ ಮೀನಿನ ಬಣ್ಣವೆಲ್ಲ ಇರುವುದು ಪಕ್ಕೆಯಲ್ಲಿ. ಮೇಲಿನಿಂದ ನೋಡಿದರೆ ಕಪ್ಪು ದಾರದ ತುಂಡುಗಳಷ್ಟೇ.

“ಇನ್ನ ನಾವು ನೀರು ಎದರಾಗ ತುಂಬಿಡೋದು?” ಎಂದಳು ಆದೆಮ್ಮ.

ಅವನು ಒಲೆಯಿಂದ ಬೂದಿ, ಗಡಿಗೆಯಿಂದ ಹುಣಸೆಹಣ್ಣು ತಂದುಕೊಂಡು, ಮಾನ್ವಿಗೆಂದು ಹೊಲಿಸಿದ್ದ ಶೇರವಾನಿಯ ತೋಳು ಮಡಚಿ, ತೀರಿಹೋದ ನವಾಬರ ರುಮಾಲಿಗಾಗಿ ಗಾಜು ತಿಕ್ಕುತ್ತ ಕೂತ.